ಅರ್ಧ ಕೆಲಸ ಅವರ ಕೈಯಲ್ಲಿ

ತಂತ್ರಾಂಶವೊಂದನ್ನು ಮಾರಿದ ದಿನಕ್ಕೂ, ಕೊಂಡವನು ಅದನ್ನು ಯಾರ ನೆರವೂ ಇಲ್ಲದೆ ತನ್ನ ನಿತ್ಯವ್ಯವಹಾರದಲ್ಲಿ ಬಳಸತೊಡಗಿದ ದಿನಕ್ಕೂ ನಡುವೆ ಇರತಕ್ಕ ಕಾಲಾವಧಿಯು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲವಾದರೂ, ಆ ಉದ್ಯಮದಲ್ಲಿ ತೊಡಗಿದವರನ್ನು ಕೇಳಿದರೆ, ತಮ್ಮ ಹಗಲಿರುಳಿನ ಚಿಂತೆಯ ಬಹುಭಾಗವನ್ನು ನುಂಗುವುದು ಅದೇ ಎಂದು ಹೇಳುವರು. ಬೆಂಗಳೂರಿನ ಕಚೇರಿಗಳಲ್ಲಿ ಈ ಅವಧಿಯ ಕೆಲಸವನ್ನು ಆನ್‌ಬೋರ್ಡಿಂಗ್ ಎನ್ನುತ್ತಾರೆ. ಕಸಬಿನಲ್ಲಿ ಸ್ವಲ್ಪ ಹಳಬರಾದವರು ಇಂಪ್ಲಿಮೆಂಟೇಷನ್ ಎನ್ನುವುದೂ ಉಂಟು. ಹೆಸರು ಯಾವುದಾದರೂ ಆಗಲಿ, ಕೆಲಸದ ಸ್ವರೂಪವನ್ನು ಒಂದು ನಿದರ್ಶನದಿಂದಲೇ ತಿಳಿಯುವುದು ಲೇಸು.

ಪೀಣ್ಯದಲ್ಲಿ 300 ಮಂದಿ ಕಾರ್ಮಿಕರಿರುವ ಯಂತ್ರಭಾಗಗಳ ಕಾರ್ಖಾನೆಯೊಂದು, ಇದುವರೆಗೆ ಎಕ್ಸೆಲ್ ಹಾಳೆಗಳಲ್ಲಿ ಹೇಗೋ ನಡೆದುಕೊಂಡು ಬಂದಿದ್ದ ಸಂಬಳದ ಲೆಕ್ಕವನ್ನು ಇನ್ನು ಮುಂದೆ ಪೇರೋಲ್ ತಂತ್ರಾಂಶದಲ್ಲಿ ನಡೆಸಲು ನಿಶ್ಚಯಿಸಿ, ಅದನ್ನು ಒದಗಿಸುವ ಕಂಪನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿತೆಂದು ಭಾವಿಸೋಣ. ಸಹಿಯಾದ ಮಾತ್ರಕ್ಕೆ ಸಂಬಳ ಹೊರಬೀಳುವುದಿಲ್ಲ. ಪ್ರತಿಯೊಬ್ಬ ಕಾರ್ಮಿಕನ ಹೆಸರು, ಸೇರಿದ ದಿನಾಂಕ, ಪ್ಯಾನ್, 12 ಅಂಕಿಗಳ ಪಿಎಫ್ ಸಂಖ್ಯೆ, ಇಎಸ್‌ಐ ಸಂಖ್ಯೆ, ಬ್ಯಾಂಕ್ ಖಾತೆ ಇವುಗಳನ್ನು ಒಂದೆಡೆ ಕೂಡಿಸಬೇಕು. ಮೂಲವೇತನ, ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆಗಳ ರಚನೆಯನ್ನು ತಂತ್ರಾಂಶಕ್ಕೆ ತಿಳಿಯಪಡಿಸಬೇಕು. ಬಾಗಿಲಲ್ಲಿ ಬೆರಳೊತ್ತುವ ಹಾಜರಿ ಯಂತ್ರವನ್ನು ಅದಕ್ಕೆ ಜೋಡಿಸಬೇಕು. ಉಳಿದಿರುವ ರಜೆಗಳನ್ನೂ, ವರ್ಷದ ನಡುವೆ ಆರಂಭಿಸುವುದಾದರೆ ಏಪ್ರಿಲ್‌ನಿಂದ ಈವರೆಗೆ ಕೊಟ್ಟ ಸಂಬಳವನ್ನೂ ಕಡಿದ ತೆರಿಗೆಯನ್ನೂ ಮುಂದಕ್ಕೆ ತರಬೇಕು. ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಜೊತೆಜೊತೆಯಾಗಿ ನಡೆಸಿ ತಾಳೆ ನೋಡಬೇಕು. ಕಟ್ಟಕಡೆಗೆ, ಇನ್ನು ಹೊಸದೇ ಪ್ರಮಾಣವೆಂದು ಯಜಮಾನರು ಒಪ್ಪಬೇಕು. ಈ ಒಂದೊಂದರ ಹೊಟ್ಟೆಯಲ್ಲಿಯೂ ಐದಾರು ಮರಿಕೆಲಸಗಳಿರುವುದರಿಂದ ಪಟ್ಟಿಯು ಬಹು ಬೇಗನೆ ಬೆಳೆಯುತ್ತದೆ. ಕಂಪನಿಗೆ ಏಕಕಾಲದಲ್ಲಿ ಇಂಥ ಇಪ್ಪತ್ತು ಗ್ರಾಹಕರು ಬಂದರೆ, ನೆನಪನ್ನಾಗಲಿ ಮಿಂಚಂಚೆಯ ಸರಮಾಲೆಯನ್ನಾಗಲಿ ನಂಬಿ ಕುಳಿತವನು ಕೆಡುವುದು ಖಂಡಿತ. ಆಗ ಆಸನ, ಟ್ರೆಲೊ, ಜಿರಾ, ಜೋಹೊ ಪ್ರಾಜೆಕ್ಟ್ಸ್ ಮೊದಲಾದ ಯೋಜನಾ ನಿರ್ವಹಣೆಯ ತಂತ್ರಾಂಶಗಳನ್ನು ಆಶ್ರಯಿಸುವುದು ಅನಿವಾರ್ಯವಾಗುತ್ತದೆ.

ಹಿಂದೆ ಆನ್‌ಬೋರ್ಡಿಂಗ್‌ಗೆ ಇಷ್ಟು ಮಹತ್ತ್ವವಿರಲಿಲ್ಲವೇಕೆ ಎಂದರೆ, ಅಂದು ತಂತ್ರಾಂಶವನ್ನು ಪೆಟ್ಟಿಗೆಯಲ್ಲಿಟ್ಟು ಮಾರಿ ಹಣವನ್ನು ಮೊದಲೇ ಎಣಿಸಿಕೊಳ್ಳುತ್ತಿದ್ದರು. 1999ರಲ್ಲಿ ಆರಂಭವಾದ ಸೇಲ್ಸ್‌ಫೋರ್ಸ್‌ನಂಥ ಸಂಸ್ಥೆಗಳು ಅಂತರ್ಜಾಲದ ಮೂಲಕ ಚಂದಾ ಪದ್ಧತಿಯನ್ನು ರೂಢಿಗೆ ತಂದ ತರುವಾಯ, ಬಳಕೆಗೆ ಬಾರದ ವಸ್ತುವಿಗೆ ಗ್ರಾಹಕನು ಬಹುಕಾಲ ಹಣ ತೆರಬೇಕಾದ ನಿರ್ಬಂಧವು ತಪ್ಪಿಹೋಯಿತು. ಆರಂಭದಲ್ಲಿಯೇ ಬೇಸತ್ತವನು ಚಂದಾ ನವೀಕರಣದ ಹೊತ್ತಿಗೆ ಸದ್ದಿಲ್ಲದೆ ಹೊರಟುಹೋಗುವನು.

ಮೇಲೆ ಹೇಳಿದ ಯೋಜನಾ ನಿರ್ವಹಣೆಯ ಉಪಕರಣಗಳ ವಂಶಾವಳಿಯತ್ತ ಒಮ್ಮೆ ಕಣ್ಣು ಹಾಯಿಸುವುದು ಅಪ್ರಕೃತವಾಗಲಾರದು. ಅವುಗಳ ಗುಣದೋಷಗಳೆರಡಕ್ಕೂ ಮೂಲವು ಅಲ್ಲಿಯೇ ಇದೆಯೆಂದು ನನ್ನ ಎಣಿಕೆ. ಕೆಲಸಗಳನ್ನು ಕಾಲದ ಗೆರೆಯ ಮೇಲೆ ಅಡ್ಡಪಟ್ಟಿಗಳಾಗಿ ಬರೆಯುವ ನಕ್ಷೆಗೆ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್‌ನ ಹೆಸರು ಅಂಟಿಕೊಂಡಿದೆ; ಅವನು ಅದನ್ನು 1910ರ ದಶಕದಲ್ಲಿ ಕಾರ್ಖಾನೆಗಳ ಮೇಲ್ವಿಚಾರಣೆಗಾಗಿ ರೂಪಿಸಿದನು. ಅವನಿಗೂ ಮೊದಲೇ, 1896ರಲ್ಲಿ, ಪೋಲೆಂಡಿನ ಕರೋಲ್ ಅದಾಮೆಟ್‌ಸ್ಕಿ ಅಂಥದೇ ನಕ್ಷೆಯೊಂದನ್ನು ಕಲ್ಪಿಸಿದ್ದನು. ಯಾವ ಕೆಲಸ ಮುಗಿದ ಮೇಲೆ ಯಾವುದು ಆರಂಭವಾಗಬೇಕೆಂಬ ಸರಪಣಿಯನ್ನು ಗಣಿತಕ್ಕೆ ಒಳಪಡಿಸಿದ ವಿಧಾನಗಳು 1950ರ ದಶಕದ ಕೊನೆಯಲ್ಲಿ ಹುಟ್ಟಿದುವು; ಒಂದು ಡ್ಯೂಪಾಂಟ್ ರಾಸಾಯನಿಕ ಸಂಸ್ಥೆಯಲ್ಲಿ, ಇನ್ನೊಂದು ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಯ ಯೋಜನೆಯಲ್ಲಿ. ಹಲಗೆಯ ಮೇಲೆ ಚೀಟಿಗಳನ್ನು ಒಂದು ಕಂಬಸಾಲಿನಿಂದ ಮುಂದಿನದಕ್ಕೆ ಸರಿಸುವ ಪದ್ಧತಿಗೆ ಪ್ರೇರಣೆಯು ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯ್ಚಿ ಓನೊ ರೂಢಿಸಿದ ಕಾನ್‌ಬಾನ್ ಚೀಟಿಗಳಿಂದ ಬಂದುದು. ಇನ್ನು ನಮ್ಮ ಕಾಲದವುಗಳಲ್ಲಿ, ಸಿಡ್ನಿಯ ಅಟ್ಲಾಸಿಯನ್ ಸಂಸ್ಥೆಯ ಜಿರಾ 2002ರಲ್ಲಿ ಪ್ರೋಗ್ರಾಮರುಗಳ ದೋಷಪಟ್ಟಿಗಾಗಿ ಹುಟ್ಟಿತು. ಆಸನವು, ಫೇಸ್‌ಬುಕ್‌ನಲ್ಲಿ ಒಳಬಳಕೆಗೆಂದು ಅಂಥದೇ ಉಪಕರಣವನ್ನು ಕಟ್ಟಿದ್ದ ಇಬ್ಬರು ಅಲ್ಲಿಂದ ಹೊರಬಂದು ಸ್ಥಾಪಿಸಿದುದು.

ಗಮನಿಸಬೇಕಾದ ಅಂಶವೊಂದಿದೆ. ಕಾರ್ಖಾನೆ, ನೌಕಾಪಡೆ, ಪ್ರೋಗ್ರಾಮರುಗಳ ತಂಡ, ಎಲ್ಲಿಯೇ ಆಗಲಿ, ಕೆಲಸವನ್ನು ಹಂಚುವವನಿಗೂ ಮಾಡುವವನಿಗೂ ಒಂದೇ ಯಜಮಾನನಿರುವನು. ಚೀಟಿಯ ಮೇಲೆ ಹೆಸರು ಬರೆದರೆ ಆ ಹೆಸರಿನವನು ಉತ್ತರ ಹೇಳಬೇಕಾಗುತ್ತದೆ. ಆನ್‌ಬೋರ್ಡಿಂಗ್‌ನಲ್ಲಿ ಹಾಗಲ್ಲ. ಮೇಲೆ ಹೇಳಿದ ಪೇರೋಲ್ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ, ಅದರಲ್ಲಿ ಅರ್ಧಕ್ಕಿಂತ ಕಡಮೆಯಿಲ್ಲದ ಕೆಲಸಗಳನ್ನು ಮಾಡಬೇಕಾದವನು ಮಾರಿದ ಕಂಪನಿಯ ನೌಕರನಲ್ಲವೆಂಬುದೂ, ಕಾರ್ಖಾನೆಯ ಅಕೌಂಟೆಂಟನೋ ಮಾನವ ಸಂಪನ್ಮೂಲದ ಮೇಡಮ್ಮನವರೋ ಹಾಜರಿ ಯಂತ್ರವನ್ನು ಅಳವಡಿಸಿದ ಮೂರನೆಯ ಅಂಗಡಿಯವನೋ ಅವುಗಳ ಕರ್ತೃಗಳೆಂಬುದೂ ಕಂಡುಬರುತ್ತದೆ. ಮದುವೆಯ ಸಿದ್ಧತೆಯಲ್ಲಿ ಬೀಗರ ಮನೆಯವರು ಮಾಡಬೇಕಾದ ಕೆಲಸವನ್ನು ನಾವು ನಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಬಹುದೇ ಹೊರತು ಅವರ ಮೇಲೆ ಅಧಿಕಾರ ಚಲಾಯಿಸಲಾಗದಷ್ಟೆ. ಇಲ್ಲಿಯ ಸಂಬಂಧವೂ ಅಂಥದೇ, ಅಷ್ಟೇ ನಾಜೂಕಿನದು. ಆಜ್ಞೆಗಾಗಿ ಹುಟ್ಟಿದ ಉಪಕರಣವನ್ನು ವಿನಂತಿಗಾಗಿ ಬಳಸಬೇಕಾಗಿ ಬಂದಿರುವುದೇ ಈ ಕಸಬಿನ ತೊಡಕು. ಇದಕ್ಕೆ ಅಪವಾದವಾಗಿ ಬೇಸ್‌ಕ್ಯಾಂಪ್ ಒಂದನ್ನು ಹೆಸರಿಸಬಹುದು. 2004ರಲ್ಲಿ ಅದನ್ನು ಹೊರತಂದ ಷಿಕಾಗೋದ 37ಸಿಗ್ನಲ್ಸ್ ಸಂಸ್ಥೆಯು ಅಂದು ಜಾಲತಾಣಗಳನ್ನು ವಿನ್ಯಾಸಗೊಳಿಸಿಕೊಡುವ ವೃತ್ತಿಯಲ್ಲಿದ್ದುದರಿಂದ, ತನ್ನ ಗ್ರಾಹಕರೊಡನೆ ವ್ಯವಹರಿಸುವ ಅಗತ್ಯದಿಂದಲೇ ಅದನ್ನು ಕಟ್ಟಿತು. ಈಚೆಗೆ ಆನ್‌ಬೋರ್ಡಿಂಗ್ ಒಂದಕ್ಕೇ ಮೀಸಲಾದ ತಂತ್ರಾಂಶಗಳೂ ಬಂದಿವೆ. 2020ರಲ್ಲಿ ಚೆನ್ನೈನಲ್ಲಿ ಆರಂಭವಾದ ರಾಕೆಟ್‌ಲೇನ್ ಅವುಗಳಲ್ಲೊಂದು. ಆದರೆ ಉಪಕರಣ ಯಾವುದೆಂಬುದು, ನನ್ನ ಮಟ್ಟಿಗೆ, ಎರಡನೆಯ ಪ್ರಶ್ನೆ.

ಮೊದಲನೆಯದು, ಗ್ರಾಹಕನ ಪಾಲಿನ ಕೆಲಸವನ್ನು ಚೀಟಿಯ ಮೇಲೆ ಹೇಗೆ ಬರೆಯಬೇಕೆಂಬುದು. "ನೌಕರರ ಮಾಹಿತಿ ಕೊಡುವುದು" ಎಂದು ಬರೆದಿಟ್ಟ ಚೀಟಿಗಳನ್ನು ಎಲ್ಲೆಡೆಯೂ ಕಾಣಬಹುದು. ಅವು ವಾರಗಟ್ಟಲೆ ಅಲುಗದೆ ಕುಳಿತಿರುವುದನ್ನೂ ಕಾಣಬಹುದು. ಓದಿದ ಅಕೌಂಟೆಂಟನಿಗೆ ಯಾವ ಮಾಹಿತಿ, ಎಂಥ ರೂಪದಲ್ಲಿ, ಕೆಲಸ ಬಿಟ್ಟುಹೋದವರದೂ ಬೇಕೆ ಎಂಬುದೊಂದೂ ತಿಳಿಯದಿದ್ದಾಗ, ಆ ಬಡಪಾಯಿಯು ಮರುಪ್ರಶ್ನೆ ಹಾಕುವ ಬದಲು ಸಹಜವಾಗಿಯೇ ನಾಳೆಗೆ ಮುಂದೂಡುವನು. ಒಂದು ಚೀಟಿಯಲ್ಲಿ ಒಂದೇ ವಸ್ತುವನ್ನು ಕೇಳಬೇಕು. ತುಂಬಿದ ಮಾದರಿಯೊಂದನ್ನು ಜೊತೆಗಿಡಬೇಕು. ಅದು ಬಾರದಿದ್ದರೆ ಮುಂದೆ ಯಾವುದು ನಿಲ್ಲುವುದೆಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಬೇಕು. ಅದನ್ನು ಮಾಡಿಕೊಡುವ ಹೊಣೆಗಾರರೆಂದು ಒಬ್ಬರದೇ ಹೆಸರಿರಬೇಕು. ಈ ಕೊನೆಯ ವಿಷಯದಲ್ಲಿ ಉಪಕರಣಗಳೊಳಗೇ ಮತಭೇದವಿದೆ. ಆಸನದಲ್ಲಿಯೂ ಜಿರಾದಲ್ಲಿಯೂ ಒಂದು ಕೆಲಸಕ್ಕೆ ಒಬ್ಬನೇ ಹೊಣೆಗಾರ. ಟ್ರೆಲೊದ ಚೀಟಿಗೆ ಎಷ್ಟು ಮಂದಿಯನ್ನಾದರೂ ಸೇರಿಸಬಹುದು. ಸೇರಿಸಬಹುದೆಂದು ಸೇರಿಸಿದಲ್ಲೆಲ್ಲ, ಇಬ್ಬರೂ ಇನ್ನೊಬ್ಬರು ಮಾಡುವರೆಂದು ನೆಮ್ಮದಿಯಾಗಿರುವುದು ಲೋಕಾನುಭವ.

ಮಾದರಿಯ ಹಾಳೆಯನ್ನು ಜೊತೆಗಿಡಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಎಕ್ಸೆಲ್ಲಿನ ಸಾಮಾನ್ಯ ಕೋಶದಲ್ಲಿ 12 ಅಂಕಿಗಳ ಪಿಎಫ್ ಸಂಖ್ಯೆಯನ್ನು ಬರೆದರೆ ಅದು ಘಾತಾಂಕದ ರೂಪ ತಾಳಿ ಮೊಟಕಾಗಿ ತೋರುತ್ತದೆ; ಬ್ಯಾಂಕ್ ಖಾತೆಯ ಸಂಖ್ಯೆ ಸೊನ್ನೆಯಿಂದ ಆರಂಭವಾದರೆ ಆ ಸೊನ್ನೆಯೇ ಮಾಯವಾಗುತ್ತದೆ; ಖಾತೆಯ ಸಂಖ್ಯೆಯು 15 ಅಂಕಿಗಳನ್ನು ಮೀರಿದರೆ ಮುಂದಿನವು ಸೊನ್ನೆಗಳಾಗಿ ಬದಲಾಗುತ್ತವೆ. ಏಪ್ರಿಲ್ 5 ಎಂದು ಬರೆದುದು ಇನ್ನೊಂದು ಗಣಕದಲ್ಲಿ ಮೇ 4 ಆಗಿ ಓದಲ್ಪಟ್ಟು, ಗ್ರಾಚ್ಯುಟಿಯ ಲೆಕ್ಕದವರೆಗೂ ಆ ದೋಷವು ಬೆನ್ನಟ್ಟಿ ಹೋಗುವುದು. ಇವೆಲ್ಲಕ್ಕಿಂತ ಕಠಿನವಾದುದು ನಮ್ಮ ಹೆಸರುಗಳ ಸಮಸ್ಯೆ. ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಒಂದಕ್ಷರದ ಇನಿಷಿಯಲ್ಲಾಗಿ ಹೊತ್ತು ತಿರುಗುವ ಕನ್ನಡಿಗನು ಪಿಎಫ್ ದಾಖಲೆಯಲ್ಲಿ ಒಂದು ವಿಧವಾಗಿಯೂ, ಆಧಾರ್‌ನಲ್ಲಿ ಇನ್ನೊಂದು ವಿಧವಾಗಿಯೂ, ಪ್ಯಾನಿನಲ್ಲಿ ಇನಿಷಿಯಲ್ಲನ್ನು ಬಿಡಿಸಿ ಬರೆದ ಮೂರನೆಯ ವಿಧವಾಗಿಯೂ ಇರುವನು. ಕಾರ್ಖಾನೆಯ ಹಾಳೆಯಲ್ಲಿರುವುದು ಇವು ಮೂರೂ ಅಲ್ಲದ, ಮೇಸ್ತ್ರಿಯು ಕೂಗಿ ಕರೆಯುವ ಹೆಸರು! ಈ ತೊಡಕುಗಳು ಪ್ರತಿ ಗ್ರಾಹಕನಲ್ಲಿಯೂ ಮರುಕಳಿಸುವುದರಿಂದ, ಕೋಶಗಳನ್ನು ಮೊದಲೇ ಅಕ್ಷರರೂಪಕ್ಕೆ ಕಟ್ಟಿಹಾಕಿದ, ದಿನಾಂಕದ ಕ್ರಮವನ್ನು ನಿಶ್ಚಯಿಸಿದ ಹಾಳೆಯನ್ನೇ ಚೀಟಿಗೆ ಲಗತ್ತಿಸುವುದು ಹತ್ತು ದೂರವಾಣಿ ಕರೆಗಳಿಗೆ ಸಮಾನವಾದ ಸಹಾಯ.

ಮಾಹಿತಿ ಕೇಳುವ ಚೀಟಿಗಳಲ್ಲದೆ ನಿರ್ಣಯ ಕೇಳುವ ಚೀಟಿಗಳೂ ಇವೆ, ಅವುಗಳನ್ನು ಬೇರೆಯಾಗಿಯೇ ಇಡತಕ್ಕದ್ದು. ಪಿಎಫ್ ವಂತಿಗೆಯನ್ನು ಶಾಸನದ ವೇತನಮಿತಿಯವರೆಗೆ ಮಾತ್ರ ಕಡಿಯುವುದೋ, ಪೂರ್ಣ ಮೂಲವೇತನದ ಮೇಲೆ ಕಡಿಯುವುದೋ ಎಂಬುದನ್ನು ಅಕೌಂಟೆಂಟನು ಹೇಳಲಾರನು, ಯಜಮಾನರು ಹೇಳಬೇಕು. ಯಜಮಾನರ ಚೀಟಿಯನ್ನು ಅಕೌಂಟೆಂಟನ ಹೆಸರಿನಲ್ಲಿ ಬರೆದರೆ, ಅವನು ತನಗಿಲ್ಲದ ಅಧಿಕಾರದಿಂದ ಏನೋ ಒಂದನ್ನು ಒಪ್ಪಿ, ಮೂರು ತಿಂಗಳ ಮೇಲೆ ಎಲ್ಲವನ್ನೂ ಮತ್ತೆ ಮಾಡಬೇಕಾದ ಪ್ರಸಂಗ ಬರುತ್ತದೆ.

ಇನ್ನು ಕಾಲದ ವಿಚಾರ. ಈ ತಂತ್ರಾಂಶಗಳಲ್ಲಿ ಟೆಂಪ್ಲೇಟ್ ಎಂಬ ಸೌಕರ್ಯವಿದ್ದು, ಒಮ್ಮೆ ಸಿದ್ಧಪಡಿಸಿದ ಪಟ್ಟಿಯನ್ನು ಹೊಸ ಗ್ರಾಹಕನಿಗೆ ಕ್ಷಣಮಾತ್ರದಲ್ಲಿ ನಕಲು ಮಾಡಬಹುದು. ದಿನಾಂಕಗಳನ್ನು ನೇರವಾಗಿ ಬರೆಯದೆ, ಆರಂಭದಿಂದ ಐದನೆಯ ದಿನ, ಹನ್ನೆರಡನೆಯ ದಿನ ಎಂದು ಸಾಪೇಕ್ಷವಾಗಿ ನಿಗದಿ ಮಾಡಬಹುದು. ಮಾರಾಟ ವಿಭಾಗದವರು ತಮ್ಮ ಕಡತದಲ್ಲಿ ವ್ಯವಹಾರ ಕುದುರಿತೆಂದು ಗುರುತು ಹಾಕಿದೊಡನೆ ಇಡೀ ಯೋಜನೆಯು ತಾನಾಗಿ ಹುಟ್ಟಿಕೊಳ್ಳುವಂತೆಯೂ ಏರ್ಪಡಿಸಬಹುದು. ಇದೆಲ್ಲವೂ ಸೊಗಸಾದುದೇ, ಆದರೆ ದಿನಗಳ ಎಣಿಕೆಯನ್ನು ಸಹಿಯಾದ ದಿನದಿಂದ ಆರಂಭಿಸುವುದು ಸರಿಯಲ್ಲವೆಂದು ನಾನು ತಿಳಿದಿದ್ದೇನೆ. ಮೊದಲ ಸಭೆಯನ್ನು ಸಹಿಯ ದಿನದಿಂದ ಎಣಿಸಬಹುದು. ಅದರಿಂದಾಚೆಯ ದಿನಾಂಕಗಳೆಲ್ಲವೂ ನೌಕರರ ಹಾಳೆಯು ಕೈಸೇರಿದ ದಿನಕ್ಕೆ ಕಟ್ಟುಬಿದ್ದಿರಬೇಕು. ಇಲ್ಲವಾದರೆ, ಹಾಳೆಯು ಹತ್ತು ದಿನ ತಡವಾದಾಗ, ಇನ್ನೂ ಆರಂಭಿಸಲೇ ಆಗದ ಇಪ್ಪತ್ತು ಚೀಟಿಗಳು ಒಟ್ಟಿಗೆ ಕೆಂಪಾಗಿ, ಯಾವ ಕೆಂಪು ನಿಜವಾದುದು, ಯಾವುದು ನೆರಳು ಎಂಬ ವಿವೇಚನೆಯೇ ಸಾಧ್ಯವಾಗುವುದಿಲ್ಲ. ಒಂದು ಮುಗಿಯದೆ ಇನ್ನೊಂದು ಆರಂಭವಾಗದೆಂಬ ಅವಲಂಬನೆಯ ಕೊಂಡಿಯನ್ನು ಸರಿಯಾದ ನಾಲ್ಕೈದು ಕಡೆಗಳಲ್ಲಿ ಹಾಕಿದರೆ ಸಾಕು. ಎಲ್ಲಕ್ಕೂ ಹಾಕಿದವನು ತಾನು ನೆಯ್ದ ಬಲೆಯಲ್ಲಿ ತಾನೇ ಸಿಕ್ಕಿಕೊಳ್ಳುವನು.

ಅದಕ್ಕೂ ಮಿಗಿಲಾಗಿ, ಗ್ರಾಹಕನಿಗೆ ತನ್ನದೇ ಆದ ಒಂದು ಪಂಚಾಂಗವಿರುತ್ತದೆ. ಸಂಬಳದ ಲೆಕ್ಕ ನೋಡುವವನಿಗೆ ತಿಂಗಳ ಕೊನೆಯ ವಾರ ಉಸಿರಾಡಲು ಬಿಡುವಿರುವುದಿಲ್ಲ. ಮುಂದಿನ ತಿಂಗಳ 7ಕ್ಕೆ ಕಡಿದ ತೆರಿಗೆಯನ್ನೂ, 15ಕ್ಕೆ ಪಿಎಫ್ ಮತ್ತು ಇಎಸ್‌ಐ ವಂತಿಗೆಗಳನ್ನೂ ಕಟ್ಟಬೇಕು. ಅಂದರೆ ಅವನು ನಮ್ಮ ಮಾತಿಗೆ ಕಿವಿಗೊಡಬಲ್ಲುದು ಹದಿನಾರರಿಂದ ಇಪ್ಪತ್ತನಾಲ್ಕರವರೆಗೆ, ಅದೂ ನಡುವೆ ಹಬ್ಬ ಬಾರದಿದ್ದರೆ. "ಸಾರ್, ಇದು ಸಂಬಳದ ವಾರ, ಮುಂದಿನ ವಾರ ನೋಡೋಣ" ಎಂಬ ಉತ್ತರವನ್ನು ನೆಪವೆಂದು ತಿಳಿಯುವವರು ಆ ಮೇಜಿನ ಆಚೆ ಒಂದು ತಿಂಗಳಾದರೂ ಕುಳಿತು ನೋಡಬೇಕು. ಟೆಂಪ್ಲೇಟಿನ ದಿನಗಣನೆಗೆ ಈ ಪಂಚಾಂಗದ ಅರಿವಿರುವುದಿಲ್ಲವಾದ್ದರಿಂದ, ನಕಲು ಮಾಡಿದ ಕೂಡಲೆ ಗ್ರಾಹಕನ ಪಾಲಿನ ಚೀಟಿಗಳನ್ನು ಕೈಯಿಂದ ಆ ಒಂಬತ್ತು ದಿನಗಳೊಳಗೆ ಸರಿಸುವುದು ವಿಹಿತ.

ಹಲಗೆಯ ಮೇಲೆ "ಗ್ರಾಹಕರಿಗಾಗಿ ಕಾಯುತ್ತಿದೆ" ಎಂಬ ಕಂಬಸಾಲೊಂದು ಪ್ರಾಯಶಃ ಎಲ್ಲ ಕಡೆಯೂ ಇರುತ್ತದೆ. ಅದು ಉಪಯುಕ್ತವೂ ಹೌದು, ಅಪಾಯಕರವೂ ಹೌದು. ಕೆಲಸ ಎಲ್ಲಿ ನಿಂತಿದೆಯೆಂಬ ಸತ್ಯವನ್ನು ಅದು ತೋರಿಸುತ್ತದೆ. ಆದರೆ ಅದರೊಳಗೆ ಸರಿಸಿದ ಚೀಟಿಯು ತಮ್ಮ ಜವಾಬ್ದಾರಿಯಿಂದ ಕಳಚಿಕೊಂಡಿತೆಂಬ ಭ್ರಮೆಯನ್ನು ನಮ್ಮವರಲ್ಲಿ ಹುಟ್ಟಿಸುತ್ತದೆ. ಆ ಕಂಬಸಾಲಿನ ಪ್ರತಿ ಚೀಟಿಗೂ ಹೊಣೆಗಾರನಾದ ಗ್ರಾಹಕನ ಹೆಸರಿನ ಜೊತೆಗೆ, ಕೇಳಿ ತರಬೇಕಾದ ನಮ್ಮವನೊಬ್ಬನ ಹೆಸರೂ, ಮುಂದೆ ಯಾವಾಗ ಕೇಳಬೇಕೆಂಬ ದಿನಾಂಕವೂ ಇರದಿದ್ದರೆ, ಅದು ಚೀಟಿಗಳ ಸ್ಮಶಾನವಾಗುವುದು. ಇಪ್ಪತ್ತು ಗ್ರಾಹಕರನ್ನು ನೋಡಿಕೊಳ್ಳುವ ಮೇಲಧಿಕಾರಿಯು ಶೇಕಡಾವಾರು ಪ್ರಗತಿಯನ್ನು ನೋಡುವುದಕ್ಕಿಂತ, ಯಾವ ಗ್ರಾಹಕನು ಕೊನೆಯದಾಗಿ ಏನನ್ನಾದರೂ ಮಾಡಿ ಎಷ್ಟು ದಿನವಾಯಿತೆಂಬ ಒಂದೇ ಅಂಕಣವನ್ನು ಮುಂದಿಟ್ಟುಕೊಂಡರೆ ಹೆಚ್ಚು ತಿಳಿಯಬಲ್ಲನು. ಶೇಕಡಾ ಎಂಬತ್ತು ಮುಗಿದು ಮೂರು ವಾರ ಮೌನವಾಗಿರುವವನು, ಶೇಕಡಾ ಇಪ್ಪತ್ತರಲ್ಲಿದ್ದು ದಿನವೂ ಪ್ರಶ್ನೆ ಕೇಳುವವನಿಗಿಂತ ಚಿಂತಾಜನಕನು.

ಹಲಗೆಯನ್ನು ಗ್ರಾಹಕನಿಗೆ ತೋರಿಸಬೇಕೆ ಎಂಬುದು ಬಹಳ ಚರ್ಚೆಗೆ ಬರುವ ಪ್ರಶ್ನೆ. ಅತಿಥಿಯಾಗಿ ಒಳಗೆ ಬಿಡುವ ಅನುಕೂಲ ಈ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಇದೆ. ತೋರಿಸಬೇಕೆಂಬ ಪಕ್ಷದವನು ನಾನು; ಆದರೆ ತೋರಿಸತಕ್ಕುದು ನಮ್ಮ ಪಾಲಿನ ಚೀಟಿಗಳನ್ನಲ್ಲ, ಅವರ ಪಾಲಿನವುಗಳನ್ನು ಮತ್ತು ದೊಡ್ಡ ಮೈಲಿಗಲ್ಲುಗಳನ್ನು ಮಾತ್ರ. ಸರ್ವರ್‌ನಲ್ಲಿ ಖಾತೆ ತೆರೆಯುವುದೇ ಮೊದಲಾದ ನಮ್ಮ ಒಳಮನೆಯ ಕೆಲಸಗಳಿಂದ ಅವರಿಗೆ ಆಗಬೇಕಾದುದೇನೂ ಇಲ್ಲ. ಎಷ್ಟು ಅಂದವಾಗಿ ಜೋಡಿಸಿಟ್ಟರೂ ಪೀಣ್ಯದ ಅಕೌಂಟೆಂಟನು ಇನ್ನೊಂದು ಪಾಸ್‌ವರ್ಡ್ ನೆನಪಿಟ್ಟುಕೊಂಡು ಒಳಗೆ ಬರುವನೆಂದು ನಂಬಿ ಕೂರಬಾರದು. ಅವನ ಲೋಕ ವಾಟ್ಸಾಪ್. ಅಲ್ಲಿಯೇ ಹೋಗಿ ನೆನಪಿಸಿ, ಬಂದ ಉತ್ತರವನ್ನು ಹಲಗೆಗೆ ತಂದು ಬರೆಯುವ ಸಂಯಮ ನಮ್ಮದಾಗಿರಬೇಕು. ಹಾಗೆಂದು 300 ಮಂದಿಯ ಬ್ಯಾಂಕ್ ಖಾತೆ, ಆಧಾರ್ ವಿವರಗಳಿರುವ ಹಾಳೆಯನ್ನೂ ಅಲ್ಲಿಯೇ ಕಳುಹಿಸಿಕೊಳ್ಳುವುದು ಮಾತ್ರ ಅಕ್ಷಮ್ಯ; ಚೀಟಿಗೆ ಲಗತ್ತಿಸಿ ಎಲ್ಲ ಅತಿಥಿಗಳ ಕಣ್ಣಿಗೆ ಬೀಳಿಸುವುದೂ ಅಷ್ಟೇ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗಾಗಿ 2023ರಲ್ಲಿ ಶಾಸನವಾಗಿರುವ ದೇಶದಲ್ಲಿ, ಹಾಳೆಯನ್ನು ಎಲ್ಲಿ ಪಡೆದೆವು, ಕೆಲಸ ಮುಗಿದ ಮೇಲೆ ಅಳಿಸಿದೆವೇ ಎಂಬುದಕ್ಕೆ ಪ್ರತ್ಯೇಕ ಚೀಟಿಯಿರುವುದು ಅವಶ್ಯ.

ಇಡೀ ಕಾರ್ಯದಲ್ಲಿ ಅತ್ಯಂತ ಸ್ವಾರಸ್ಯವಾದ ಘಟ್ಟವೆಂದರೆ ಪ್ಯಾರಲಲ್ ರನ್. ಹಳೆಯ ಹಾಳೆಯಲ್ಲಿಯೂ ಹೊಸ ತಂತ್ರಾಂಶದಲ್ಲಿಯೂ ಒಂದೇ ತಿಂಗಳ ಸಂಬಳವನ್ನು ಲೆಕ್ಕ ಮಾಡಿ, ಒಬ್ಬೊಬ್ಬನದನ್ನೂ ಹೋಲಿಸುವುದು. ವ್ಯತ್ಯಾಸ ಬರದೆ ಇರುವುದೇ ಇಲ್ಲ. 14,300 ರೂಪಾಯಿ ಸಂಬಳದವನಿಗೆ ಶೇ. 0.75ರಂತೆ ಇಎಸ್‌ಐ ವಂತಿಗೆ 107 ರೂಪಾಯಿ 25 ಪೈಸೆ. ನಿಯಮದಂತೆ ಅದನ್ನು ಮೇಲಿನ ರೂಪಾಯಿಗೆ ಏರಿಸಿ 108 ಕಡಿಯಬೇಕು. ಹಳೆಯ ಹಾಳೆಯು ಸಾಮಾನ್ಯ ಗಣಿತದಂತೆ 107 ಎಂದು ಮಾಡಿಕೊಂಡು ಬಂದಿರುತ್ತದೆ. ಇನ್ನೊಬ್ಬನ ಸಂಬಳವು ಜುಲೈನಲ್ಲಿ 21,000 ರೂಪಾಯಿಗಳ ಮಿತಿಯನ್ನು ದಾಟಿತೆಂದು ಹಾಳೆಯವರು ಅಂದಿನಿಂದಲೇ ಅವನ ಇಎಸ್‌ಐ ನಿಲ್ಲಿಸಿರುವರು. ಆದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಯ ಅವಧಿ ಮುಗಿಯುವ ತನಕ ಅದು ಮುಂದುವರಿಯತಕ್ಕದ್ದೆಂದು ತಂತ್ರಾಂಶವು ಕಡಿದಿರುತ್ತದೆ. ಇಲ್ಲಿ ತಪ್ಪು ಯಾರದೆಂಬುದು ಸ್ಪಷ್ಟವಾಗಿದ್ದರೂ ಹೇಳುವ ರೀತಿಯಲ್ಲಿ ವಿವೇಕ ಬೇಕು. ವರ್ಷಗಳ ಕಾಲ ಆ ಹಾಳೆಯನ್ನು ಕಾಪಾಡಿಕೊಂಡು ಬಂದವನು ಎದುರಿಗೇ ಕುಳಿತಿರುವನಲ್ಲವೆ? ಆದ್ದರಿಂದ "ವ್ಯತ್ಯಾಸಗಳ ಪರಿಹಾರ" ಎಂಬ ಒಂದೇ ಚೀಟಿಯನ್ನಿಟ್ಟು ಅದರಲ್ಲಿ ಎಲ್ಲವನ್ನೂ ತುರುಕುವ ಬದಲು, ವ್ಯತ್ಯಾಸದ ಪ್ರತಿಯೊಂದು ಬಗೆಗೂ ಬೇರೆ ಚೀಟಿ ಮಾಡಿ, ಕಾರಣ ಬರೆದು, ಯಾವ ಲೆಕ್ಕವನ್ನು ಉಳಿಸಿಕೊಳ್ಳುವುದೆಂದು ಗ್ರಾಹಕರಿಂದಲೇ ಒಪ್ಪಿಗೆ ಬರೆಸಿಕೊಳ್ಳುವುದು ಯುಕ್ತ. ಎರಡು ತಿಂಗಳು ಹೀಗೆ ನಡೆಸಿದರೆ, ಎರಡನೆಯ ತಿಂಗಳು ಉಳಿಯುವ ವ್ಯತ್ಯಾಸಗಳು ಬೆರಳೆಣಿಕೆಯಷ್ಟಾಗಿರಬೇಕು. ಇಲ್ಲವಾದರೆ ಗೋ-ಲೈವ್, ಎಂದರೆ ಹೊಸ ಲೆಕ್ಕವೇ ಪ್ರಮಾಣವಾಗುವ, ದಿನಾಂಕವನ್ನು ಮುಂದಕ್ಕೆ ಹಾಕುವ ಧೈರ್ಯ ಬೇಕು. ಮಾರಾಟದವರು ಆ ದಿನಾಂಕವನ್ನು ಮೊದಲೇ ವಾಗ್ದಾನ ಮಾಡಿರುವುದರಿಂದ ಈ ಧೈರ್ಯ ಅಪರೂಪ.

ಗೋ-ಲೈವ್ ಆದೊಡನೆ ಎಲ್ಲ ಚೀಟಿಗಳನ್ನೂ ಮುಗಿದ ಕಂಬಸಾಲಿಗೆ ಸರಿಸಿ ಹಲಗೆಯನ್ನು ಮುಚ್ಚುವುದು ವಾಡಿಕೆ. ನಾನಾದರೆ ಎರಡು ಚೀಟಿಗಳನ್ನು ತೆರೆದೇ ಇಡುವೆನು. ಕಾರ್ಖಾನೆಯವರು ನಮ್ಮವರಾರೂ ಜೊತೆಗಿರದೆ ತಾವೇ ಒಂದು ತಿಂಗಳ ಸಂಬಳವನ್ನು ಮಾಡಿ, ಪಿಎಫ್ ಕಡತವನ್ನು ತಾವೇ ಪೋರ್ಟಲಿಗೆ ಏರಿಸುವವರೆಗೆ ಒಂದು ಚೀಟಿ ಮುಚ್ಚತಕ್ಕದ್ದಲ್ಲ. ಇನ್ನೊಂದು ನಮ್ಮ ಟೆಂಪ್ಲೇಟಿಗೆ ಸಂಬಂಧಿಸಿದುದು: ಜುಲೈನಲ್ಲಿ ಮಿತಿ ದಾಟಿದವನ ಇಎಸ್‌ಐ ಗೊಂದಲ ಬೆಳಕಿಗೆ ಬಂದುದು ಪ್ಯಾರಲಲ್ ರನ್ ನಡೆದಾಗ; ಅದನ್ನು ಮೊದಲ ವಾರದಲ್ಲಿಯೇ, ನೌಕರರ ಹಾಳೆಯ ಜೊತೆಗೆ, ಈ ಅವಧಿಯಲ್ಲಿ 21,000 ದಾಟಿದವರು ಯಾರಾದರೂ ಇರುವರೆ ಎಂದು ಒಂದು ಸಾಲಿನಲ್ಲಿ ಕೇಳಿಬಿಡಬಹುದಾಗಿತ್ತು. ಆ ಸಾಲನ್ನು ಟೆಂಪ್ಲೇಟಿಗೆ ಸೇರಿಸಿದ ಮೇಲೆ ಎರಡನೆಯ ಚೀಟಿಯನ್ನೂ ಮುಚ್ಚಬಹುದು.